ಮೆನುವಿನಲ್ಲಿಲ್ಲದ ಗೋಕರ್ಣ

ಓಂ ಬೀಚಿನ ಯಾವುದಾದರೊಂದು ಶ್ಯಾಕಿನಲ್ಲಿ ಕೂತು ಮೆನು ಕೇಳಿ. ಮದುವೆ ಆಲ್ಬಮ್ಮಿನಷ್ಟು ದಪ್ಪನೆಯ ಪುಸ್ತಕ ಬರುತ್ತದೆ. ಪ್ಲಾಸ್ಟಿಕ್ ಹೊದಿಸಿದ ಹಾಳೆಗಳು ಉಪ್ಪುಗಾಳಿಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸುತ್ತ ಹೋದರೆ ಹಮ್ಮಸ್, ಫಲಾಫೆಲ್, ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ ಒಡೆದು ಬೇಯಿಸುವ ಶಕ್ಶೂಕಾ, ಟಿಬೆಟ್ಟಿನ ಮೊಮೊ, ಇಟಲಿಯ ಪಾಸ್ತಾ, ಪಂಜಾಬಿನ ಪರಾಠಾ, ಚೀನಾದ್ದೆಂದು ಹೇಳಿಕೊಳ್ಳುವ ಗೋಬಿ ಮಂಚೂರಿ. ಸಮುದ್ರಕ್ಕೆ ಮುಖ ಮಾಡಿ ಕೂತರೆ ನಿಮ್ಮ ಎಡಕ್ಕೆ ಗುಡ್ಡ. ಆ ಗುಡ್ಡದ ಆಚೆ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆ. ನೀವು ಪಾಸ್ತಾದ ಪುಟದಲ್ಲಿರುವ ಹೊತ್ತಿಗೆ, ಇಳಿತ ಬಿದ್ದಿದ್ದರೆ, ಅಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತು ಹೆಂಗಸರು ಗಂಡಸರು ಕೆಸರು ತಡಕಿ ಬೆಳಚು ಹೆಕ್ಕುತ್ತಿರುತ್ತಾರೆ. ಅಂಗೈಗೆ ಹತ್ತು ಹನ್ನೆರಡು ಹಿಡಿಸುವ, ಎರಡು ಚಿಪ್ಪಿನ ಜೀವಿ ಅದು. ಕಾರವಾರದ ಕೊಂಕಣಿಗರಿಗೆ ತಿಸ್ರ್ಯೊ, ಮಂಗಳೂರಿನವರಿಗೆ ಮರುವಾಯಿ. ಆ ದಪ್ಪ ಪುಸ್ತಕವನ್ನು ಕೊನೆಯ ರಟ್ಟಿನವರೆಗೆ ಓದಿದರೂ ಬೆಳಚು ಸಿಗಲಿಲ್ಲ ನನಗೆ.

ಶುಕ್ರವಾರ ಸಂಜೆ ಬೆಂಗಳೂರಿನ ಗೆಳೆಯರಿಂದ ಫೋನು ಬರುತ್ತದೆ. ಬಸ್ಸು ಹತ್ತಲು ಹೊರಟಿರುತ್ತಾರೆ. “ಬೆಳಿಗ್ಗೆ ಗೋಕರ್ಣದಲ್ಲಿರ್ತೀವಿ, ಊಟಕ್ಕೆ ಒಳ್ಳೇ ಜಾಗ ಹೇಳು ಮಾರಾಯ.” ನಾನು ತಿರುಗಿ ಕೇಳುತ್ತೇನೆ: ಇದು ಯಾವ ತಿಂಗಳು, ಮಧ್ಯಾಹ್ನ ಎಷ್ಟು ಹೊತ್ತಿಗೆ ಹಸಿಯುತ್ತದೆ, ಮುಳ್ಳು ಬಿಡಿಸಲು ಬರುತ್ತದೋ ಇಲ್ಲವೋ? ಗೂಗಲ್ಲು ಇಷ್ಟೆಲ್ಲ ಕೇಳುವುದಿಲ್ಲ ಎಂದು ಒಬ್ಬ ರೇಗಿದ್ದೂ ಉಂಟು. ಆದರೆ ಈ ಊರಿನಲ್ಲಿ ಬರೀ ಹೋಟೆಲಿನ ಹೆಸರು ಹೇಳಿ ಕಳಿಸಿದರೆ ಅರ್ಧ ಮೋಸ ಮಾಡಿದ ಹಾಗೆ. ಇಲ್ಲಿನ ಒಂದೊಂದು ಅಡುಗೆಮನೆಗೂ ಒಂದೊಂದು ಹೊತ್ತಿದೆ. ಹೊತ್ತು ತಪ್ಪಿ ಹೋದರೆ ಅದೇ ಬಾಗಿಲು, ಅದೇ ಮೇಜು, ತಟ್ಟೆಯಲ್ಲಿ ಮಾತ್ರ ಬೇರೆ ಊರು. ಸಂಧ್ಯಾವಂದನೆಗೆ ಹೊತ್ತಾಯಿತೆಂದು ಆತ್ಮಲಿಂಗವನ್ನು ದನ ಕಾಯುವ ಹುಡುಗನ ಕೈಗೆ ಕೊಟ್ಟು ಹೋದ ರಾವಣ ಏನು ಕಳಕೊಂಡ ಎಂಬುದು ಎಲ್ಲರಿಗೂ ಗೊತ್ತು. ಹೊತ್ತಿನ ವಿಷಯದಲ್ಲಿ ಗೋಕರ್ಣ ಆಗಿನಿಂದಲೂ ಕಟ್ಟುನಿಟ್ಟು.

ಗೋಕರ್ಣದಲ್ಲಿ ಹೊರಗೆ ಉಣ್ಣುವುದೆಂದರೆ ಬಹಳ ಕಾಲ ಇನ್ನೊಬ್ಬರ ಮನೆಯೊಳಗೆ ಉಣ್ಣುವುದೆಂದೇ ಅರ್ಥವಿತ್ತು. ಮಹಾಬಲೇಶ್ವರನ ದರ್ಶನಕ್ಕೆ, ಕೋಟಿತೀರ್ಥದ ಸ್ನಾನಕ್ಕೆ, ಅದಕ್ಕಿಂತ ಹೆಚ್ಚಾಗಿ ಪಿತೃಕಾರ್ಯಕ್ಕೆ ಬರುವ ಯಾತ್ರಿಕರು ತಮ್ಮ ಕಡೆಯ ಪುರೋಹಿತರ ಮನೆ ಹುಡುಕಿಕೊಂಡು ಹೋಗುತ್ತಿದ್ದರು. ಜಗಲಿಯಲ್ಲಿ ಚಾಪೆ, ಹಿತ್ತಲ ಬಾವಿಯಲ್ಲಿ ಸ್ನಾನ, ಕಾರ್ಯ ಮುಗಿದ ಮೇಲೆ ಒಳಗೆ ಬಾಳೆಎಲೆ. ಈಗಲೂ ಕಾರ್ಯಕ್ಕೆ ಬಂದವರ ಊಟ ಅನೇಕ ಮನೆಗಳಲ್ಲಿ ಹೀಗೆಯೇ ನಡೆಯುತ್ತದೆ. ರಜೆಗೆಂದು ಬಂದವರಿಗೆ ಆ ಎಲೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಆದರೆ ಆ ಮನೆಗಳ ದಿನನಿತ್ಯದ ಅಡುಗೆ ಊರ ಸುತ್ತಿನ ಹೋಮ್‌ಸ್ಟೇಗಳಲ್ಲಿ ಸಿಗುತ್ತದೆ. ಒಂದೇ ಶರತ್ತು: ಹಿಂದಿನ ರಾತ್ರಿಯೇ ಹೇಳಿರಬೇಕು, ಮತ್ತು ಕೇಳುವಾಗ ಹೆಸರು ಹಿಡಿದು ಕೇಳಬೇಕು. “ಏನಾದ್ರೂ ಲೋಕಲ್ ಮಾಡಿ” ಅಂದರೆ ನಿಮ್ಮ ಮುಖ ನೋಡಿ, ಪಾಪ ಪೇಟೆಯವರು ಎಂದು, ಪನೀರ್ ಮಾಡುತ್ತಾರೆ.

ಹೆಸರು ಹಿಡಿಯಬೇಕಾದದ್ದು ತಂಬುಳಿ, ಅಪ್ಪೆಹುಳಿ. ಒಂದೆಲಗವನ್ನು ಜೀರಿಗೆಯೊಂದಿಗೆ ತುಸು ಬಾಡಿಸಿ, ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಕದಡಿದರೆ ತಂಬುಳಿ. ಅದನ್ನು ಕುದಿಸುವ ಹಾಗಿಲ್ಲ, ಮೊದಲ ಅನ್ನಕ್ಕೇ ಕಲಸಬೇಕು. ಬೇಯಿಸಿದ ಮಾವಿನಕಾಯಿಯನ್ನು ಕಿವುಚಿ ನೀರಾಗಿಸಿ, ಹಸಿಮೆಣಸು, ಇಂಗು, ಸಾಸಿವೆಯ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಇದನ್ನು ಅನ್ನಕ್ಕಿಂತ ಲೋಟಕ್ಕೆ ಹಾಕಿಸಿಕೊಳ್ಳುವವರೇ ಹೆಚ್ಚು. ಮಧ್ಯಾಹ್ನದ ನಿದ್ದೆಗೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ ಎಂದು ಹವ್ಯಕರ ಮನೆಗಳಲ್ಲಿ ಹೇಳುವ ಮಾತು ನನ್ನ ಮಟ್ಟಿಗೆ ಪರೀಕ್ಷೆಯಾಗಿ ಸಾಬೀತಾಗಿದೆ. ಬೇಸಿಗೆ ರಜೆಯಲ್ಲಿ ಹೋದವರು ಹಗಲಿನ ಬೀಚು ಬಿಟ್ಟು ಇದನ್ನು ಕುಡಿದು ಜಗಲಿಯಲ್ಲಿ ಮಲಗುವುದೇ ಜಾಣತನ. ಏಪ್ರಿಲ್ ತಿಂಗಳ ಹನ್ನೆರಡು ಗಂಟೆಯ ಮರಳಿನ ಮೇಲೆ ನಡೆಯಲು ಯಾರಿಗಾದರೂ ಏನು ಕೆಲಸ?

ಬೆಳಗಿನ ಗೋಕರ್ಣ ರಥಬೀದಿಯದು. ಶಿವರಾತ್ರಿಯ ಮಹಾರಥ ಸಾಗುವ ಬೀದಿ ಇದು. ಎರಡೂ ಬದಿಗೆ ಮರದ ಕಂಬಗಳ ಹಳೆಯ ಮನೆಗಳು. ಅವುಗಳ ಮುಂಭಾಗ ರುದ್ರಾಕ್ಷಿ, ಶಂಖ, ಈಗೀಗ ಬಣ್ಣಬಣ್ಣದ ಜೋಲಾಡುವ ಪ್ಯಾಂಟು ಮಾರುವ ಅಂಗಡಿಗಳಾಗಿವೆ. ರಾತ್ರಿ ಬಸ್ಸುಗಳು ಬಂದು ನಿಲ್ಲುವ ಹೊತ್ತಿಗೆ ಇಲ್ಲಿನ ಚಿಕ್ಕ ಹೋಟೆಲುಗಳಲ್ಲಿ ಬಾಣಲೆ ಕಾದಿರುತ್ತದೆ. ಬನ್ಸ್ ತಿನ್ನಬೇಕಾದ ಹೊತ್ತು ಇದೇ. ಘಟ್ಟದ ಮೇಲಿನವರು ಬನ್ಸ್ ಅಂದರೆ ಬೇಕರಿಯ ಬನ್ನು ಎಂದುಕೊಳ್ಳುತ್ತಾರೆ. ಇದು ಕಳಿತು ಕಪ್ಪಾದ ಬಾಳೆಹಣ್ಣು, ಮೊಸರು, ಸಕ್ಕರೆ ಸೇರಿಸಿ ಮೈದಾ ಕಲಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಪೂರಿಗಿಂತ ದಪ್ಪಗೆ ಲಟ್ಟಿಸಿ ಕರಿಯುವ ತಿಂಡಿ. ಬಿಸಿಯಿದ್ದಾಗ ಒಳಗೆ ಬಲೆಬಲೆಯಾಗಿ ಬಾಳೆಹಣ್ಣಿನ ಪರಿಮಳ. ತಣ್ಣಗಾದ ಮೇಲೆ ಅದನ್ನು ಹರಿಯಲು ಎರಡು ಕೈ ಬೇಕು. ಒಂಬತ್ತೂವರೆಯ ನಂತರ ಗಾಜಿನ ಕಪಾಟಿನಲ್ಲಿ ಕೂತಿರುವ ಬನ್ಸನ್ನು ನೋಡಿ ನಮಸ್ಕಾರ ಮಾಡಿ ಮುಂದೆ ಹೋಗಿ. ಅಷ್ಟರಲ್ಲಿ ಅವಲಕ್ಕಿಯೂ ಮುಗಿದಿರುತ್ತದೆ. ಇಡ್ಲಿ ದೋಸೆ ಎಲ್ಲ ಹೊತ್ತಿಗೂ ಉಂಟು. ರಥಬೀದಿಯ ಪೈ ರೆಸ್ಟೋರೆಂಟಿನಲ್ಲಿ ಯಾತ್ರಿಕರೂ ಬೆನ್ನುಚೀಲದ ವಿದೇಶಿಯರೂ ಒಂದೇ ಬೆಂಚಿನಲ್ಲಿ ಕೂತು ತಿನ್ನುವುದನ್ನು ವರ್ಷಗಳಿಂದ ನೋಡಿದ್ದೇನೆ. ಅದೇ ದಾರಿಯಲ್ಲಿ ಸಮುದ್ರದತ್ತ ನಡೆದು ಹೋದರೆ ಕೊನೆಗೆ ಪ್ರೇಮಾ ರೆಸ್ಟೋರೆಂಟ್. ಸಮುದ್ರಸ್ನಾನ ಮುಗಿಸಿ ಬಂದ ಮಕ್ಕಳು ಒದ್ದೆ ಚಡ್ಡಿಯಲ್ಲೇ ಐಸ್‌ಕ್ರೀಮಿಗೆ ಹಟ ಹಿಡಿಯುವ ಜಾಗ ಅದು.

ಮಧ್ಯಾಹ್ನ ದೇವಸ್ಥಾನದಲ್ಲಿ ಅನ್ನಪ್ರಸಾದವಿದೆ. ಅನ್ನ, ಸಾರು, ಪಾಯಸ. ದುಡ್ಡು ಕೇಳುವುದಿಲ್ಲ, ನಿಮ್ಮ ಊರೂ ಕೇಳುವುದಿಲ್ಲ. ಸರದಿಯಲ್ಲಿ ನಿಲ್ಲುವ ತಾಳ್ಮೆ ಇರಬೇಕು. ಇದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಏನೂ ಇಲ್ಲ. ಪ್ರಸಾದಕ್ಕೆ ಅಂಕ ಕೊಡುವ ದುರಭ್ಯಾಸ ನನಗಿಲ್ಲ.

ಇನ್ನು ಮೀನು. ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಮೀನು ಹುಡುಕಬೇಡಿ. ಅಲ್ಲಿಂದ ಹೊರಬಿದ್ದು ತದಡಿಯ ರಸ್ತೆಗೋ ಗಂಗಾವಳಿಯ ಕಡೆಗೋ ಹೊರಟರೆ ಶೀಟು ಹೊದಿಸಿದ ಮನೆಗಳ ಮುಂದೆ ಕೈಬರಹದ ಹಲಗೆ ಕಾಣುತ್ತದೆ: ಮೀನೂಟ. ನಾಲ್ಕೈದು ಮೇಜು, ಗೋಡೆಯಲ್ಲೊಂದು ಕ್ಯಾಲೆಂಡರು, ಒಳಗಿನಿಂದ ತೆಂಗಿನೆಣ್ಣೆಯ ಸದ್ದು. ಮೆನು ಇಲ್ಲ. ಕೇಳಬೇಕಾದದ್ದು ಒಂದೇ ಮಾತು: “ಅಕ್ಕಾ, ಇವತ್ತು ಎಂತ ಅದೆ?” ಉತ್ತರವೂ ಅಷ್ಟೇ ಚಿಕ್ಕದು. ಬಂಗಡೆ ಅದೆ. ಅಥವಾ ಬಂಗಡೆ ಇಲ್ಲ, ತಾರ್ಲೆ ಅದೆ. ಅದೃಷ್ಟವಿದ್ದ ದಿನ ನೊಗಲಿ ಅದೆ. ನೊಗಲಿ ಎಂದರೆ ದಕ್ಷಿಣದವರ ಕಾಣೆ. ಮುಳ್ಳು ಕಡಿಮೆ, ಮಾಂಸ ಮೆತ್ತಗೆ, ಬೆಲೆ ಜೋರು. ಇಸ್ವಾಣ, ಪಾಪ್ಲೆಟ್ಟು ಕೇಳಿದರೆ ಇರಲೂಬಹುದು, ಆದರೆ ದೊಡ್ಡ ಮೀನಿಗೆ ಪೇಟೆ ದೂರದಲ್ಲಿದೆ. ತದಡಿ ಬಂದರಿನಲ್ಲಿ ಇಳಿದ ಒಳ್ಳೊಳ್ಳೆಯದು ಮಂಜುಗಡ್ಡೆ ಹೊದ್ದು ಲಾರಿ ಹತ್ತುತ್ತದೆ. ಊರಲ್ಲಿ ಉಳಿಯುವುದು ಚಿಕ್ಕ ಮೀನು. ನನ್ನನ್ನು ಕೇಳಿದರೆ ರುಚಿಯೂ ಅದರ ಹಿಂದೆಯೇ ಉಳಿದಿದೆ.

ತಟ್ಟೆಗೆ ಮೊದಲು ಬರುವುದು ಕುಚ್ಚಲಕ್ಕಿ ಅನ್ನ, ಆಮೇಲೆ ಸಾರು. ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಅರಿಸಿನ ರುಬ್ಬಿದ ಕೆಂಪು ಸಾರಿಗೆ ಹುಳಿ ಕೊಡುವುದು ಒಮ್ಮೆ ಹುಣಸೆ, ಒಮ್ಮೆ ಒಣಗಿಸಿದ ಮುರುಗಲ ಸಿಪ್ಪೆ. ಬಂಗಡೆಯೋ ತಾರ್ಲೆಯೋ ಆದರೆ ಇನ್ನೊಂದು ಸಾಮಾನು ಬೀಳಲೇಬೇಕು: ಜುಮ್ಮನಕಾಯಿ. ಕಾಳುಮೆಣಸಿನ ದೂರದ ನೆಂಟನಂತೆ ಕಾಣುವ ಈ ಒಣ ಕಾಯನ್ನು ಜಜ್ಜಿ ಕುದಿಯುವ ಸಾರಿಗೆ ಹಾಕುತ್ತಾರೆ. ಎಣ್ಣೆಮೀನಿನ ಗಮಲನ್ನು ಅದು ಹಿಡಿದು ಕೂರಿಸುತ್ತದೆ. ಒಂದು ಕಾಯಿ ಹಲ್ಲಿಗೆ ಸಿಕ್ಕಿದರೆ ನಾಲಿಗೆಯ ತುದಿ ಜುಂ ಎಂದು ಒಂದು ನಿಮಿಷ ಮರಗಟ್ಟುತ್ತದೆ. ಹೆಸರು ಬಂದದ್ದೇ ಹಾಗೆ ಇರಬೇಕು ಎಂದು ನನ್ನ ಊಹೆ. ಮೊದಲ ಸಲ ತಿಂದವರು ಗಾಬರಿಯಾಗಿ ನೀರು ಕುಡಿಯುತ್ತಾರೆ; ಎರಡನೆಯ ಸಲ ಸಾರಿನಲ್ಲಿ ಅದನ್ನೇ ಹುಡುಕುತ್ತಾರೆ. ಪಕ್ಕಕ್ಕೆ ರವೆ ಹೊರಳಿಸಿ ಕಾವಲಿಯ ಮೇಲೆ ಹುರಿದ ಒಂದು ಮೀನು, ಒಂದು ಪಲ್ಯ, ಕೊನೆಗೆ ಸೋಲ್‌ಕಡಿ. ಎರಡೂವರೆಗೆ ಪಾತ್ರೆ ಖಾಲಿ. ಮೂರು ಗಂಟೆಗೆ ಹೋಗಿ “ಏನೂ ಇಲ್ವಾ” ಎಂದು ಕೇಳಿದ ನನಗೆ, ಮನೆಯವರು ಉಣ್ಣಲು ಇಟ್ಟುಕೊಂಡಿದ್ದರಲ್ಲಿ ಪಾಲು ಹಾಕಿ ಬಡಿಸಿದ ಅಕ್ಕನೊಬ್ಬಳು ಇದ್ದಾಳೆ. “ಇಷ್ಟೊತ್ತಿಗೆ ಬಂದ್ರೆ ಹೆಂಗೆ ತಮಾ” ಎಂದು ಬೈದೇ ಬಡಿಸಿದಳು.

ಅದೇ ಮನೆಯಲ್ಲಿ ಒಂದು ದಿನ, ಕೇಳದೆಯೇ, ಬೆಳಚಿನ ಸುಕ್ಕ ಬಂತು. ಬೆಳಚು ಮಾಡುವುದು ಹೊತ್ತು ತಿನ್ನುವ ಕೆಲಸ. ಮೊದಲು ನೀರಿನಲ್ಲಿಟ್ಟು ಅದು ನುಂಗಿದ ಮರಳು ಕಕ್ಕುವವರೆಗೆ ಕಾಯಬೇಕು. ಆಮೇಲೆ ಬೇಯಿಸಿದರೆ ಚಿಪ್ಪು ಬಾಯಿ ಬಿಡುತ್ತದೆ. ಬಾಯಿ ಬಿಡದೆ ಹಟ ಹಿಡಿದವನ್ನು ಎಸೆಯಬೇಕು. ಮಾಂಸ ಅಂಟಿದ ಅರ್ಧ ಚಿಪ್ಪನ್ನು ಉಳಿಸಿಕೊಂಡು, ಬೆಂದ ನೀರನ್ನು ಚೆಲ್ಲದೆ, ಕಾಯಿ ಮೆಣಸು ಬೆಳ್ಳುಳ್ಳಿಯ ತರಿತರಿ ಮಸಾಲೆಯೊಂದಿಗೆ ಆ ನೀರು ಆರುವವರೆಗೆ ಬಾಡಿಸಬೇಕು. ಉಪ್ಪು ಕಡೆಗೆ, ರುಚಿ ನೋಡಿಯೇ ಹಾಕುವುದು. ಸಮುದ್ರ ತನ್ನ ಪಾಲಿನದನ್ನು ಮೊದಲೇ ಹಾಕಿರುತ್ತದೆ. ತಿನ್ನುವುದಕ್ಕೂ ಚಮಚ ನಡೆಯುವುದಿಲ್ಲ. ಚಿಪ್ಪನ್ನೇ ಬಾಯಿಗಿಟ್ಟು ಹೀರಬೇಕು. ಊಟ ಮುಗಿದ ಮೇಲೆ ತಟ್ಟೆಯ ಪಕ್ಕ ಚಿಪ್ಪಿನ ಒಂದು ಗುಡ್ಡೆ ಎದ್ದಿರುತ್ತದೆ. ಕೈತೊಳೆಯುತ್ತ ಕೇಳಿದೆ, ಇಷ್ಟು ಚೆನ್ನಾಗಿ ಮಾಡುತ್ತೀರಿ, ಹಲಗೆಯ ಮೇಲೆ ಯಾಕೆ ಬರೆದಿಲ್ಲ? “ಬರದ್ರೆ ದಿನಾ ಮಾಡ್ಬೇಕಾಗ್ತದೆ. ದಿನಾ ಎಲ್ಲಿ ಸಿಗ್ತದೆ?”

ಈ ಲೇಖನದಲ್ಲಿ ನಾನು ಹೇಳಬೇಕೆಂದದ್ದು ಬಹುಪಾಲು ಆಕೆಯ ಆ ಮಾತಿನಲ್ಲೇ ಇದೆ. ಬೆಳಚು ಸಿಗುವುದು ಇಳಿತದ ಲೆಕ್ಕದಲ್ಲಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ದೂರ ಸರಿಯುತ್ತದೆ, ಹೆಕ್ಕುವವರಿಗೆ ಹೆಚ್ಚು ನೆಲ ಸಿಗುತ್ತದೆ. ಮಳೆ ಹಿಡಿದು ಸಿಹಿನೀರು ನುಗ್ಗಿದರೆ ಅಳಿವೆಯ ಲೆಕ್ಕವೇ ಬೇರೆ. ದೊಡ್ಡ ಅಣೆಕಟ್ಟಿನ ಅಡ್ಡಿಯಿಲ್ಲದೆ ಘಟ್ಟದಿಂದ ಸಮುದ್ರದವರೆಗೆ ಹರಿದು ಬರುವ ಕೆಲವೇ ನದಿಗಳಲ್ಲಿ ಅಘನಾಶಿನಿ ಒಂದು. ಅದರ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿಸಿದರು. ಬೆಳಚು, ಬಂಡೆಗಂಟುವ ಕಲ್ವ, ಸೀಗಡಿ, ಏಡಿ ಎಲ್ಲಕ್ಕೂ ಅದೇ ತೊಟ್ಟಿಲು. ಮೊದಲಿನಷ್ಟು ಸಿಗುವುದಿಲ್ಲ ಎಂದು ಹೆಕ್ಕುವವರು ಹೇಳುತ್ತಾರೆ. ದಿನವೂ ಒಂದೇ ರೀತಿ ಸಿಗಬೇಕು, ಒಂದೇ ಬೆಲೆಗೆ ಸಿಗಬೇಕು, ಪ್ಲಾಸ್ಟಿಕ್ ಹೊದಿಸಿ ಅಚ್ಚು ಹಾಕಿದ ಮೇಲೆ ಬದಲಾಗಬಾರದು ಎನ್ನುವುದು ಮೆನುವಿನ ಧರ್ಮ. ಮೈದಾ, ಚೀಸು, ಡಬ್ಬಿಯ ಅಣಬೆ ಆ ಧರ್ಮಕ್ಕೆ ಒಗ್ಗುತ್ತವೆ. ಬೆಳಚು ಒಗ್ಗುವುದಿಲ್ಲ.

ಇನ್ನೂ ಎರಡು ಕಾರಣ ನನಗೆ ಕಾಣುತ್ತವೆ. ಬೆಳಚು, ತಾರ್ಲೆ, ಒಣಮೀನು ಇವೆಲ್ಲ ಊರಿನವರ ಕಣ್ಣಿಗೆ ಬಡವರ ಮನೆಯ ಊಟ. ದೂರದಿಂದ ಬಂದ ಅತಿಥಿಗೆ ಅದನ್ನು ಬಡಿಸಲು ಸಂಕೋಚ. ಅತಿಥಿಯೂ ಕಡಿಮೆಯವನಲ್ಲ: ಮುಳ್ಳಿಲ್ಲದ ಮೀನು ಕೇಳುತ್ತಾನೆ. ಮುಳ್ಳಿಲ್ಲದ ಮೀನು ಬೇಕೆಂದು ಹೊರಟವನು ಎಲ್ಲಿಗೆ ಹೋಗಿ ಮುಟ್ಟುತ್ತಾನೆ ಎಂಬುದಕ್ಕೆ ನನ್ನದೇ ಕಥೆ ಇದೆ. ಒಂದು ಜೂನ್ ಕೊನೆ. ಹೊರಗೆ ಮಳೆ ಸುರಿಯುತ್ತಿತ್ತು. ಗುಡ್ಡದ ಮೇಲಿನ ಒಂದು ಹೋಟೆಲಿನಲ್ಲಿ ‘ಇಂದಿನ ತಾಜಾ ಮೀನು’ ಎಂದು ಬರೆದಿದ್ದನ್ನು ನೋಡಿ ಹೇಳಿದೆ. ಬಂದದ್ದು ಮುಳ್ಳೂ ಇಲ್ಲದ, ಚರ್ಮವೂ ಇಲ್ಲದ, ಸಮುದ್ರದ ನೆನಪೂ ಇಲ್ಲದ ಒಂದು ಬಿಳಿ ತುಂಡು. ಇದು ಯಾವ ಮೀನಪ್ಪಾ ಎಂದು ಬಡಿಸುವ ಹುಡುಗನನ್ನು ಕೇಳಿದೆ. “ಫಿಶ್ ಸರ್” ಅಂದ. ತಪ್ಪು ನನ್ನದೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ. ತದಡಿಯ ಬೋಟುಗಳೆಲ್ಲ ಕಟ್ಟಿಹಾಕಿರುವಾಗ ನನಗೊಬ್ಬನಿಗೆ ತಾಜಾ ಮೀನು ಎಲ್ಲಿಂದ ಬರಬೇಕು? ಆ ತಿಂಗಳುಗಳಲ್ಲಿ ಹೋದವರು ಹೊಳೆಮೀನು ಇದೆಯೇ ಎಂದು ಕೇಳಬೇಕು. ಇಲ್ಲವೆಂದರೆ ಗಂಜಿ, ಕೆಂಡದಲ್ಲಿ ಸುಟ್ಟ ಒಣಬಂಗಡೆ, ಮಾವಿನಮಿಡಿ ಉಪ್ಪಿನಕಾಯಿ. ಮಳೆಗಾಲಕ್ಕೆಂದೇ ಕರಾವಳಿ ಕಟ್ಟಿಕೊಂಡ ಊಟ ಅದು. ಅದರ ಮುಂದೆ ಬಿಳಿ ತುಂಡಿನ ಆಟ ನಡೆಯುವುದಿಲ್ಲ.

ಬೀಚಿನ ಶ್ಯಾಕುಗಳನ್ನು ಹೀಗಳೆಯಲು ಇಷ್ಟೆಲ್ಲ ಹೇಳಿದೆ ಎಂದುಕೊಳ್ಳಬಾರದು. ಅವುಗಳದ್ದೂ ಒಂದು ಚರಿತ್ರೆ. ಗೋವೆಯ ಗದ್ದಲ ಸಾಕಾದ ಬೆನ್ನುಚೀಲದ ಪ್ರಯಾಣಿಕರು ದಕ್ಷಿಣಕ್ಕೆ ಸರಿದು ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಒಂದೊಂದೇ ಕೊಲ್ಲಿಯಲ್ಲಿ ಜೋಳಿಗೆ ಇಳಿಸಿದರು. ತೊಂಬತ್ತರ ದಶಕದಲ್ಲಿ ಅವರ ಸಂಖ್ಯೆ ಹೆಚ್ಚಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದ ಮೇಲೆ ದಾರಿ ಇನ್ನೂ ಸುಲಭವಾಯಿತು. ಅವರಲ್ಲಿ ಕಡ್ಡಾಯ ಸೈನ್ಯಸೇವೆ ಮುಗಿಸಿ ಉಸಿರು ಬಿಡಲು ಬಂದ ಇಸ್ರೇಲಿನ ಹುಡುಗ ಹುಡುಗಿಯರು ಬಹಳ. ತೆಂಗಿನಗರಿಯ ಚಪ್ಪರದಡಿ ಚಹಾ ಆಮ್ಲೆಟ್ಟು ಮಾಡಿಕೊಂಡಿದ್ದ ಊರಿನವರು ಅವರಿಂದಲೇ ಕೇಳಿ, ಅವರನ್ನೇ ಒಲೆಯ ಮುಂದೆ ನಿಲ್ಲಿಸಿ, ಕಡಲೆ ರುಬ್ಬಿ ಹಮ್ಮಸ್ ಮಾಡಲು ಕಲಿತರು. ಕಾಯಿ ರುಬ್ಬುವ ಕೈಗೆ ಕಡಲೆ ರುಬ್ಬುವುದು ಯಾವ ಮಹಾ? ಹಾಗಾಗಿ ಇಲ್ಲಿನ ಹಮ್ಮಸ್ ಬೆಂಗಳೂರಿನ ಹವಾನಿಯಂತ್ರಿತ ಹೋಟೆಲುಗಳದ್ದಕ್ಕಿಂತ ಎಷ್ಟೋ ಮೇಲು. ಓಂ ಬೀಚಿನ ನಮಸ್ತೆ ಕೆಫೆ ಈ ಸಾಲಿನ ಹಳಬರಲ್ಲಿ ಒಂದು. ಬೆಳಗಿನ ಶಕ್ಶೂಕಾ, ಸಂಜೆಯ ನಿಂಬೆ ಶುಂಠಿ ಚಹಾ ಇವೆರಡಕ್ಕೆ ಶ್ಯಾಕುಗಳಿಗೆ ಹೋಗಿ. ‘ಹಲೋ ಟು ದ ಕ್ವೀನ್’ ಎಂಬ ಹೆಸರು ಕಂಡರೆ ಮಕ್ಕಳಿಗೆ ಕೊಡಿಸಿ: ಪುಡಿ ಮಾಡಿದ ಬಿಸ್ಕತ್ತು, ಬಾಳೆಹಣ್ಣು, ಐಸ್‌ಕ್ರೀಮು, ಮೇಲೆ ಚಾಕೊಲೇಟು. ಮನಾಲಿಯಿಂದ ಹಂಪಿಯವರೆಗೆ ಬೆನ್ನುಚೀಲದವರು ಹೋದಲ್ಲೆಲ್ಲ ಹೋದ ತಿನಿಸು ಇದು. ಯಾವ ರಾಣಿಗೆ ಹಲೋ ಎಂದು ನಾನು ಕೇಳಿದ ಒಬ್ಬ ಅಡುಗೆಯವನಿಗೂ ಗೊತ್ತಿರಲಿಲ್ಲ. ಪಾಸ್ತಾ ಬೇಡ. ಇದು ನನ್ನ ಸ್ವಂತ ಅಭಿಪ್ರಾಯ, ನಾಲ್ಕು ಬಾರಿ ಅನುಭವಿಸಿ ಬರೆದದ್ದು.

ಹಾಗೆ ನೋಡಿದರೆ ಗೋಕರ್ಣದ ಅತ್ಯುತ್ತಮ ಉಪಾಹಾರ ಗೃಹ ಯಾವುದೆಂದು ಒತ್ತಾಯ ಮಾಡಿ ಕೇಳಿದರೆ ನಾನು ತೋರಿಸುವುದು ತರಕಾರಿ ಮಾರುವವರ ಸಾಲನ್ನು. ಕತ್ತಿನ ತುಂಬ ಮಣಿಸರ ಹಾಕಿ, ಭುಜದ ಮೇಲೆ ಸೀರೆ ಗಂಟು ಕಟ್ಟಿದ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿ ಇಳಿಸಿ ಕೂತಿರುತ್ತಾರೆ. ಹರಿವೆ, ಬಸಳೆ, ಎಳೆ ಬದನೆ, ಅಲಸಂದೆ, ಮೊಗೆಕಾಯಿ, ಗೆಣಸು, ಪಕ್ಕದಲ್ಲಿ ಅಬ್ಬಲಿಗೆ ದಂಡೆ. ಸಮುದ್ರದ ಪಕ್ಕದ ಮರಳುಗದ್ದೆಗೆ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ತರಕಾರಿ ಇದು. ಹೋಮ್‌ಸ್ಟೇಯಲ್ಲಿ ಉಳಿದವರು ಬೆಳಿಗ್ಗೆ ಇಲ್ಲಿ ಒಂದು ಸುತ್ತು ಬಂದು, ಒಂದು ಕಟ್ಟು ಬಸಳೆ ತಂದು, “ಇದನ್ನ ಮಾಡ್ಕೊಡ್ತೀರಾ ಅಮ್ಮಾ” ಎಂದು ಕೇಳಿ ನೋಡಿ. ಆ ದಿನದ ಊಟದ ಮಟ್ಟವೇ ಬದಲಾಗುತ್ತದೆ. ಚೌಕಾಸಿ ಮಾಡಬೇಡಿ. ಒಂದು ಕಾಫಿಗೆ ಬೀಚಿನಲ್ಲಿ ಕೊಟ್ಟ ದುಡ್ಡಿನ ನೆನಪು ಇರಲಿ.

ಅನ್ನದ ಮಾತೂ ಹೀಗೆಯೇ. ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಬ್ಬರದ ಉಪ್ಪುನೀರು ನುಗ್ಗಿದರೂ, ನೆರೆ ಬಂದು ನಾಲ್ಕು ದಿನ ಮುಳುಗಿದರೂ ಸಾಯದ ಎತ್ತರದ ಪೈರು, ಕೆಂಪಕ್ಕಿ. ಗೊಬ್ಬರ ಬೇಡ, ಔಷಧ ಬೇಡ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸೀಗಡಿ, ಮೀನು ಹಿಡಿಯುತ್ತಾರೆ. ಭತ್ತದ ಕೊಳೆತ ಬುಡ ಸೀಗಡಿಗೆ ಮೇವು. ಸೀಗಡಿಯ ಕಸ ಮುಂದಿನ ಭತ್ತಕ್ಕೆ ಗೊಬ್ಬರ. ಒಂದೇ ಹೊಲದಲ್ಲಿ ಅನ್ನವೂ ಸಾರೂ ಬೆಳೆಯುವ ಏರ್ಪಾಟು. ಕಗ್ಗದ ಅನ್ನವನ್ನು ಗೋಕರ್ಣದ ಯಾವ ಹೋಟೆಲಿನ ಫಲಕದ ಮೇಲೂ ನಾನು ಕಂಡಿಲ್ಲ. ಗಜನಿಯ ಒಡ್ಡುಗಳು ಒಡೆದು, ಸೀಗಡಿಯ ದುಡ್ಡು ಭತ್ತಕ್ಕಿಂತ ದೊಡ್ಡದಾಗಿ, ಬೆಳೆಯುವವರೇ ಕಡಿಮೆಯಾಗಿದ್ದಾರೆ. ನನಗೆ ಒಮ್ಮೆ ಸಿಕ್ಕದ್ದು ಹೊಳೆಯಾಚೆಯ ಒಬ್ಬರ ಮನೆಯಲ್ಲಿ. ದಪ್ಪ ಕಾಳು, ನಿಧಾನ ಅಗಿಯಬೇಕು. ಸಂಜೆ ಆರಕ್ಕೂ ಹಸಿವಾಗಲಿಲ್ಲ.

ತಿರುಗಾಡಲು ಗಾಡಿ ಇದ್ದವರಿಗೆ ಇಷ್ಟು: ಹೆದ್ದಾರಿ ಹಿಡಿದು ಉತ್ತರಕ್ಕೆ ಅಂಕೋಲೆ, ದಕ್ಷಿಣಕ್ಕೆ ಕುಮಟೆ. ಎರಡೂ ಪೇಟೆಯಲ್ಲಿ ಮೀನೂಟದ ಮನೆಗಳು ಗೋಕರ್ಣಕ್ಕಿಂತ ಹೆಚ್ಚು, ಬೆಲೆ ಕಡಿಮೆ, ಏಕೆಂದರೆ ಅಲ್ಲಿ ಉಣ್ಣುವವರು ಊರಿನವರೇ. ಮೇ ತಿಂಗಳಾದರೆ ಅಂಕೋಲೆಯ ದಾರಿಯಲ್ಲಿ ಕರಿ ಈಶಾಡ ಮಾವಿನಹಣ್ಣಿನ ಬುಟ್ಟಿಗಳು. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕ ಹಣ್ಣು ಇದು. ಸಿಪ್ಪೆ ತೆಳು, ನಾರಿಲ್ಲ, ಎರಡು ದಿನಕ್ಕಿಂತ ಹೆಚ್ಚು ಕಾಯುವ ಸ್ವಭಾವವಿಲ್ಲ. ದಾರಿಬದಿಯಲ್ಲೇ ನಿಂತು ತಿಂದವರು ಪುಣ್ಯವಂತರು. ಕುಮಟೆಯ ಕಡೆ, ಅಳ್ವೆಕೋಡಿ ಹಂದಿಗೋಣದ ಸುತ್ತ, ಜಡೆ ಹೆಣೆದು ಕಂಬಕ್ಕೆ ತೂಗುಹಾಕಿದ ಸಿಹಿ ಈರುಳ್ಳಿ. ಹಸಿಯಾಗಿ ಕಚ್ಚಿ ತಿಂದರೂ ಕಣ್ಣಲ್ಲಿ ನೀರು ಬರುವುದಿಲ್ಲ. ಮೀನಿನ ಪಕ್ಕಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ. ಗೋಕರ್ಣಕ್ಕೆ ಬರುವ ದಾರಿಯಲ್ಲೇ ಹನೇಹಳ್ಳಿ ಸಿಗುತ್ತದೆ, ಯಶವಂತ ಚಿತ್ತಾಲರ ಊರು. ಅವರನ್ನು ಓದಿದವರು ಅಲ್ಲೊಂದು ಕ್ಷಣ ಗಾಡಿ ನಿಧಾನ ಮಾಡುತ್ತಾರೆ. ತಿನ್ನಲು ಏನಾದರೂ ಸಿಗುತ್ತದೆಂದಲ್ಲ.

ಹೊರಡುವ ದಿನ ನಾನು ತಪ್ಪದೆ ನಿಲ್ಲುವುದು ಸಾಣಿಕಟ್ಟೆಯಲ್ಲಿ. ಗೋಕರ್ಣದ ಮಗ್ಗುಲಲ್ಲೇ ಇರುವ ಉಪ್ಪಿನಾಗರ ಇದು. 1952ರಿಂದ ಇದನ್ನು ಆಗರದ ಮಾಲೀಕರ ಸಹಕಾರಿ ಸಂಘ ನಡೆಸುತ್ತಿದೆ. ಉಬ್ಬರದ ನೀರನ್ನು ಒಡ್ಡಿನೊಳಗೆ ತಂದು, ಪಾತಿಯಿಂದ ಪಾತಿಗೆ ಹಾಯಿಸಿ, ಬಿಸಿಲಿಗೆ ಬತ್ತಿಸಿ, ಹಲಗೆಯಲ್ಲಿ ಎಳೆದು ಗುಡ್ಡೆ ಹಾಕುವ ಕೆಲಸ ಬೇಸಿಗೆಯುದ್ದಕ್ಕೂ ನಡೆಯುತ್ತದೆ. ಕೂಲಿಯಾಳುಗಳು ಬೆಳಗಿನ ಜಾವವೇ ಇಳಿದಿರುತ್ತಾರೆ. ಹತ್ತು ಗಂಟೆಯ ಮೇಲೆ ಆ ಬಿಳುಪನ್ನು ದಿಟ್ಟಿಸಿ ನೋಡಲಾಗದು. ಪಕ್ಕದ ಅಂಕೋಲೆ 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಊರು. ಈ ಸೀಮೆಯವರಿಗೆ ಉಪ್ಪು ಅಂಗಡಿಯ ಸಾಮಾನು ಮಾತ್ರ ಆಗಿರಲಿಲ್ಲ. ಸಾಣಿಕಟ್ಟೆಯ ಉಪ್ಪಿನ ಹರಳು ದಪ್ಪ, ಬಣ್ಣ ತುಸು ಬೂದಿ. ಮಾವಿನಮಿಡಿ ಹಾಕುವವರು ಇದೇ ಬೇಕೆಂದು ಹಟ ಹಿಡಿಯುತ್ತಾರೆ.

ಕಳೆದ ಸಲ ಎರಡು ಕಿಲೋ ಕಟ್ಟಿಸಿಕೊಂಡೆ. ಪ್ಯಾಕೆಟ್ಟಿನ ಉಪ್ಪಿನ ಹಾಗೆ ಇದು ಸುಮ್ಮನೆ ಇರುವ ಉಪ್ಪಲ್ಲ, ಗಾಳಿಯ ನೀರು ಕುಡಿಯುತ್ತದೆ. ರಾತ್ರಿ ಬಸ್ಸಿನಲ್ಲಿ ಸೀಟಿನ ಕೆಳಗಿಟ್ಟಿದ್ದ ಚೀಲ ಘಟ್ಟ ಹತ್ತುವಷ್ಟರಲ್ಲಿ ಒಸರತೊಡಗಿ, ಪಕ್ಕದ ಹುಡುಗನ ಬೂಟಿನ ತಳಕ್ಕೆ ಹರಿದಿತ್ತು. ಬೆಳಿಗ್ಗೆ ಯಶವಂತಪುರದಲ್ಲಿ ಇಳಿಯುವಾಗ ಅವನು ಬೂಟು ಎತ್ತಿ ಮೂಸಿ ನೋಡಿ, “ಅಂಕಲ್, ಮೀನಾ ಇದು?” ಎಂದ. ಅಲ್ಲಪ್ಪ, ಸಮುದ್ರ, ಅಂದೆ.